ಎಡಗಿವಿಗೆ ಹೇಳಿದ ಮಾತು

ಮೊನ್ನೆ ಸಂಜೆ ಡೇರಿ ಮುಗಿಸಿ ಬರುವಾಗ ಬಾಜೂ ಹೊಲದಿಂದ ಕುರಿ ಹಟ್ಟಿಯ ವಾಸನೆ ಬಂತು. ಮಳೆ ಬಿದ್ದು ನಿಂತ ಮೇಲೆ ಏಳುವ ವಾಸನೆ ಅದು: ಒದ್ದೆ ತುಪ್ಪಳ, ಹಿಕ್ಕೆ, ಗಂಜಲ, ಅದರೊಳಗೆ ಒಂದಿಷ್ಟು ಒಲೆಯ ಹೊಗೆ. ನಮ್ಮ ಮಮದಾಪುರದಲ್ಲಿ ಈ ವಾಸನೆಗೆ ಯಾರೂ ಮೂಗು ಮುಚ್ಚುವುದಿಲ್ಲ. ಹೆಸರು ಕಿತ್ತ ಹೊಲದಲ್ಲಿ ಎಂಟು ದಿನ ಕುರಿ ತರುಬಿ ಮಲಗಿಸಿದರೆ ಹಿಂಗಾರಿ ಜೋಳಕ್ಕೆ ಬೇರೆ ಗೊಬ್ಬರ ಬೇಡ ಎಂದು ಎಲ್ಲರಿಗೂ ಗೊತ್ತು. ನಾನು ಮಾತ್ರ ಗಾಡಿ ನಿಲ್ಲಿಸಿ, ಮುಂದೆ ಹೋಗಲಾರದೆ ಸ್ವಲ್ಪ ಹೊತ್ತು ಹಾಗೇ ನಿಂತೆ. ಅದು ಮಸಗುಪ್ಪಿಯ ಲಗಮವ್ವನ ಹಟ್ಟಿ. ಆರು ವರ್ಷದಿಂದ ಆಕೆಯ ಕುರಿ ನಮ್ಮ ಬದುವಿನ ಆಚೆ ಮಲಗುತ್ತವೆ, ಈಚೆ ಒಂದು ಹೆಜ್ಜೆ ಇಡುವುದಿಲ್ಲ. ತಪ್ಪು ಕುರಿಗಳದ್ದಲ್ಲ.

ನಾನು ಊರಿನ ಹಾಲಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವವನು. ದಿನಕ್ಕೆ ಎರಡು ಹೊತ್ತು ಜನರ ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟು, ಅದು ಎಷ್ಟು ಮುಳುಗಿತು ಎಂದು ನೋಡುತ್ತ ಕೂದಲು ಬೆಳ್ಳಗೆ ಮಾಡಿಕೊಂಡೆ. ಹಾಲಿನಲ್ಲಿ ನೀರು ಹೆಚ್ಚಿದ್ದಷ್ಟೂ ಅದು ಮುಳುಗುತ್ತದೆ. ಈ ಕೆಲಸದಲ್ಲಿ ಮನುಷ್ಯನಿಗೆ ಒಂದು ಚಟ ಹತ್ತುತ್ತದೆ. ಯಾರಾದರೂ ನಕ್ಕು ಮಾತಾಡಿಸಿದರೆ ಕ್ಯಾನಿನಲ್ಲಿ ನೀರಿದೆ ಎಂದು ತಿಳಿಯುವುದು. ಮುಖ ಗಂಟಿಕ್ಕಿಕೊಂಡು ಬಂದರೆ, ನೀರು ಹಾಕಿದ್ದು ನನಗೆ ಗೊತ್ತಾಗಬಾರದೆಂದು ಗಂಟಿಕ್ಕಿದ್ದಾನೆ ಎಂದು ತಿಳಿಯುವುದು. ನನ್ನ ಹೆಂಡತಿ ಸುಜಾತಾ ಹುಕ್ಕೇರಿಯವಳು, ಮಾತಿನಲ್ಲಿ ಜಾಣೆ. "ಬಸದಿಯೊಳಗ ಗಂಧೋದಕ ಕೊಟ್ರ ಅದಕ್ಕೂ ಮೀಟರ್ ಬಿಡವ್ರ ನೀವು" ಎಂದು ನಂಟರ ಎದುರೇ ಆಡಿಕೊಳ್ಳುತ್ತಾಳೆ. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದೆ.

ಆ ವರ್ಷದ ಚಾತುರ್ಮಾಸದಲ್ಲಿ ಪಕ್ಕದ ಊರಿನ ಬಸದಿಯಲ್ಲಿ ಮುನಿಗಳು ತಂಗಿದ್ದರು. ಮಳೆಗಾಲದ ನಾಲ್ಕು ತಿಂಗಳು ನೆಲದ ಮೇಲೆ ಹುಳಹುಪ್ಪಟೆ ಹೆಚ್ಚು, ಕಾಲಿಗೆ ಸಿಕ್ಕು ಸಾಯುತ್ತವೆ ಎಂದು ಅವರು ಎಲ್ಲಿಗೂ ವಿಹಾರ ಮಾಡುವುದಿಲ್ಲ. ನಾವು ಸಂಸಾರಸ್ಥರು ಕೂಡ ಕೈಲಾದ ಒಂದು ನೇಮ ಹಿಡಿಯುತ್ತೇವೆ. ನಮ್ಮವ್ವ ಸೊಪ್ಪು ಬಿಟ್ಟಳು. ಸುಜಾತಾ ಬೆಲ್ಲ ಬಿಟ್ಟಳು. ನಾನು ಎದ್ದು ನಿಂತು, ಕೊಲ್ಲುವುದಿಲ್ಲ, ಕೊಲ್ಲಿಸುವುದೂ ಇಲ್ಲ ಎಂದು ಕೈ ಮುಗಿದೆ.

ಹೊರಗೆ ಬಂದ ಕೂಡಲೇ ಅವ್ವ ನನ್ನನ್ನು ಬದಿಗೆ ಕರೆದಳು. "ಕೊಲ್ಲಂಗಿಲ್ಲ ಅಂದಿದ್ರ ಸಾಕಿತ್ತಲ್ಲಪಾ. ಕೊಲ್ಲಿಸಂಗಿಲ್ಲ ಅಂದ್ರ ದುಂಡಪ್ಪನ ಕೆಲಸ ನೀನ ಮಾಡಬೇಕಾಗತೈತಿ."

ದುಂಡಪ್ಪ ನಮ್ಮ ದನ ನೋಡಿಕೊಳ್ಳುವ ಆಳು. ನಮ್ಮ ಆಕಳು ಕಮಲಿಯ ಕೆಚ್ಚಲ ಸಂದಿಯಲ್ಲಿ, ನಾಯಿ ಕಾಳ್ಯಾನ ಕಿವಿಯೊಳಗೆ ಮಳೆಗಾಲದಲ್ಲಿ ಉಣ್ಣಿ ಹತ್ತುತ್ತವೆ. ಅವನು ಅವನ್ನು ಕಿತ್ತು ಡೀಸೆಲ್ ಹಾಕಿದ ಡಬ್ಬಿಯಲ್ಲಿ ಬಿಡುತ್ತಿದ್ದ. ಅವನು ಡಬ್ಬಿ ಹಿಡಿದು ಕೊಟ್ಟಿಗೆಗೆ ಹೋದರೆ ಮನೆಮಂದಿಯೆಲ್ಲ ಬೇರೆ ಕಡೆ ನೋಡುತ್ತಿದ್ದೆವು. ತಲೆಮಾರುಗಳಿಂದ ನಡೆದ ವ್ಯವಸ್ಥೆ ಅದು: ಉಣ್ಣಿಯೂ ಹೋಗಬೇಕು, ಪಾಪವೂ ಹತ್ತಬಾರದು. ನನಗೆ ಅದು ಸರಿ ಕಾಣಲಿಲ್ಲ. "ಅವನ ಕೈಲೆ ಕೊಲ್ಲಿಸಿ ಪುಣ್ಯ ನಾ ತಗೊಳ್ಳೂದು ಅಂದ್ರ ಹಾಲಿಗೆ ನೀರು ಹಾಕಿದಂಗ, ಅವ್ವಾ" ಎಂದೆ. ಆ ಮಾತು ಆಡುವಾಗ ನನ್ನ ಎದೆ ಎರಡು ಬೆರಳು ಮುಂದೆ ಬಂದಿತ್ತು ಎಂಬುದು ನೆನಪಿದೆ.

ಅವ್ವ ನಗಲಿಲ್ಲ. "ಹಂಗಾದ್ರ ಕಿತ್ತು ತೆಂಗಿನ ಚಿಪ್ಪಿನ್ಯಾಗ ಹಾಕ್ಕೊಂಡು ಹಳ್ಳದ ದಂಡಿಗೆ ಬಿಟ್ಟು ಬಾ. ಬೇಲಿ ದಾಟಿ. ಮನಿ ಹತ್ರ ಬಿಡಬ್ಯಾಡ, ಮತ್ತ ಬರತಾವು."

ಮೊದಲ ವಾರ ಹಾಗೇ ಮಾಡಿದೆ. ನಸುಕಿನಲ್ಲಿ ಉಣ್ಣಿ ಕೀಳುವುದು, ಚಿಪ್ಪಿಗೆ ಹಾಕಿ ಮೇಲೆ ಎಲೆ ಮುಚ್ಚುವುದು, ಕೆಸರು ತುಳಿಯುತ್ತ ಹಳ್ಳದವರೆಗೆ ಹೋಗಿ ಬಿಡುವುದು. ಎರಡನೆಯ ವಾರ ಮಳೆ ಜೋರಾಯಿತು. ಹಿಡಕಲ್ ಡ್ಯಾಮಿನಿಂದ ನೀರು ಬಿಡುತ್ತಾರೆ ಎಂಬ ಸುದ್ದಿ, ಹಳ್ಳದ ದಾರಿಯಲ್ಲಿ ಮೊಣಕಾಲುದ್ದ ರಾಡಿ, ಅತ್ತ ಡೇರಿಯಲ್ಲಿ ಕ್ಯಾನುಗಳ ಸಾಲು. ಕೊಟ್ಟಿಗೆಯ ಹಿಂದಿನ ಗೋಡೆಯ ಆಚೆ ಒಂದು ನುಗ್ಗೆ ಮರ, ಅದರ ಬುಡದಲ್ಲಿ ಹಾಸುಗಲ್ಲು, ಸುತ್ತ ಹುಲ್ಲು. ಅಲ್ಲಿ ಯಾರೂ ಹೋಗುವುದಿಲ್ಲ ಎಂದು ನನ್ನ ಲೆಕ್ಕ. ಒಂದು ದಿನ ಚಿಪ್ಪನ್ನು ಅಲ್ಲೇ ಮಗುಚಿದೆ. ಮರುದಿನವೂ ಅಲ್ಲೇ. ಅವ್ವ ಕೇಳಿದರೆ "ಬಿಟ್ಟ ಬಂದೆ" ಎನ್ನುತ್ತಿದ್ದೆ. ಸುಳ್ಳೇನೂ ಅಲ್ಲ. ಆದರೆ ಆ ಮಾತಿಗೆ ಮೀಟರ್ ಬಿಟ್ಟಿದ್ದರೆ ಪೂರಾ ಮುಳುಗುತ್ತಿತ್ತು.

ಗೊತ್ತಿರಲಿಲ್ಲ ಎಂದು ಹೇಳುವಂತೆಯೂ ಇಲ್ಲ. ತಿಂಗಳಿಗೊಮ್ಮೆ ಡೇರಿಗೆ ಬರುವ ದನದ ಡಾಕ್ಟರು ಹೇಳಿದ್ದರು: ರಕ್ತ ಕುಡಿದು ಉಬ್ಬಿದ ಒಂದು ಉಣ್ಣಿ ಮಣ್ಣಿಗೆ ಬಿದ್ದರೆ ಅದು ಇಡುವ ತತ್ತಿಗೆ ಎಣಿಕೆ ಇಲ್ಲ, ಮರಿಗಳು ಸಾಸಿವೆಗಿಂತ ಸಣ್ಣವು, ಹುಲ್ಲಿನ ತುದಿ ಹತ್ತಿ ಕಾಯುತ್ತವೆ. ಇದನ್ನು ಡೇರಿಯ ಹಲಗೆಯ ಮೇಲೆ ಸೀಮೆಸುಣ್ಣದಿಂದ ಗುಂಡಗೆ ಬರೆದವನು ನಾನೇ. ಬರೆದದ್ದು ಊರಿನ ಮಂದಿ ಓದಲಿ ಎಂದು.

ಭಾದ್ರಪದ ಬಂತು. ಹೆಸರು ಕಿತ್ತು ಮುಗಿದಿತ್ತು. ಮಸಗುಪ್ಪಿಯಿಂದ ಲಗಮವ್ವ, ಆಕೆಯ ಮಕ್ಕಳು, ಮುನ್ನೂರು ಚಿಲ್ಲರೆ ಕುರಿ, ಎರಡು ನಾಯಿ ನಮ್ಮ ಹೊಲಕ್ಕೆ ಬಂದು ಹಟ್ಟಿ ಹಾಕಿದರು. ಲಗಮವ್ವ ಎತ್ತರದ ಹೆಂಗಸು, ಹಣೆಯ ಮೇಲೆ ಸದಾ ಭಂಡಾರದ ಅರಿಶಿನ, ಹೆಗಲ ಮೇಲೆ ಕಂಬಳಿ. ಪ್ರತಿ ವರ್ಷ ಬರುವವಳು. ಆದರೂ ಆಕೆ ಹೋದ ಮೇಲೆ ನಾನು ಹೊಲದ ಬದುವಿನ ಕಲ್ಲುಗಳನ್ನು ಎಣಿಸುತ್ತಿದ್ದೆ.

ನಮ್ಮ ಮಗಳು ತ್ರಿಶಲಾಗೆ ಆಗ ಒಂಬತ್ತು ವರ್ಷ. ಕುರಿ ಬಂದ ಮರುದಿನವೇ ಒಂದು ಮರಿಯನ್ನು ಎತ್ತಿಕೊಂಡು ಮನೆಯೊಳಗೆ ತಂದಿದ್ದಳು. ಅದರ ಮರುದಿನ ಅವಳಿಗೆ ಜ್ವರ ಬಂತು.

ಜ್ವರಕ್ಕೆ ಕಾರಣ ಹುಡುಕುವ ಕೆಲಸಕ್ಕೆ ನನ್ನನ್ನು ನಾನೇ ನೇಮಿಸಿಕೊಂಡೆ. ಮೊದಲು ಸಂಶಯಕ್ಕೆ ಸಿಕ್ಕಿದ್ದು ಶಾಲೆಯ ನೀರಿನ ಟಾಕಿ. ಆಮೇಲೆ ಮೇಲಿನ ಓಣಿಯವನೊಬ್ಬ. ಅವನ ಹಾಲನ್ನು ಹಿಂದಿನ ವಾರವಷ್ಟೇ ವಾಪಸು ಕಳಿಸಿದ್ದೆ, ಅವನು ನನ್ನ ಕಡೆ ನೋಡಿ ಏನೋ ಗೊಣಗಿದ್ದ. ಅದೇ ದಿನ ಬಾಗಿಲ ಮುಂದೆ ಒಂದು ನಿಂಬೆಹಣ್ಣು ಬಿದ್ದಿತ್ತು. ಮಾಟ ಗೀಟ ನಾವು ನಂಬುವವರಲ್ಲ. ಆದರೂ ನಿಂಬೆಹಣ್ಣನ್ನು ಕೋಲಿನಿಂದ ಸರಿಸಿದೆ, ಕೈಯಿಂದ ಮುಟ್ಟಲಿಲ್ಲ. ಅದು ಸಂತೆಯಿಂದ ಬಂದ ಸುಜಾತಾಳ ಚೀಲದಿಂದಲೇ ಉರುಳಿದ್ದು ಎಂದು ಮಧ್ಯಾಹ್ನ ತಿಳಿಯಿತು. ಅವಳು ಹುಡುಕುತ್ತಿದ್ದಳು, ಚಿತ್ರಾನ್ನಕ್ಕೆ.

ನಾಲ್ಕನೆಯ ದಿನ ಮೈಮೇಲೆ ಕೆಂಪು ಗುಳ್ಳೆ ಎದ್ದವು. ಅವ್ವ ನೋಡಿ "ದಡಾರ" ಎಂದಳು. ತಲೆಯ ಬದಿಗೆ ಬೇವಿನ ಸೊಪ್ಪು ಬಂತು, ಅಡುಗೆಮನೆಯಲ್ಲಿ ಒಗ್ಗರಣೆ ನಿಂತಿತು. ಹುಡುಗಿ ತಲೆ ಹಿಡಿದುಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಬೆಳಕು ಬೇಡ ಎನ್ನುತ್ತಿದ್ದಳು.

ಮರುದಿನ ಲಗಮವ್ವ ಕುರಿ ತರುಬಿದ್ದಕ್ಕೆ ಕೊಡುವ ಜೋಳ ಒಯ್ಯಲು ಬಂದವಳು ಹೊಸ್ತಿಲಲ್ಲೇ ನಿಂತು ಒಳಗೆ ಇಣುಕಿದಳು. ಸುಜಾತಾ ಬಾ ಎಂದಳು. ಲಗಮವ್ವ ಹುಡುಗಿಯ ಅಂಗಾಲು ತಿರುವಿ ನೋಡಿದಳು, ಅಂಗೈ ನೋಡಿದಳು. ಆಮೇಲೆ ಯಾರನ್ನೂ ಕೇಳದೆ ಅವಳ ತಲೆಗೂದಲು ಬಿಡಿಸುತ್ತ ಹೋಗಿ ಎಡಗಿವಿಯ ಹಿಂದೆ ಬೆರಳು ನಿಲ್ಲಿಸಿದಳು.

"ಅಕ್ಕಾರ, ಇದು ದಡಾರ ಅಲ್ರಿ. ದಡಾರ ಅಂಗಾಲಿಗೆ ಹಿಂಗ ಏಳಂಗಿಲ್ಲ. ಇಲ್ಲಿ ನೋಡ್ರಿ, ಸುಟ್ಟಂಗ ಕರೇ ಹಕ್ಕಳಿ. ಉಣ್ಣಿ ಕಡದೈತಿ. ನಮ್ಮ ಮೈದುನನ ಮಗಗ ಹಿಂಗ ಆಗಿ ಜ್ವರ ತಲಿಗೇರಿತ್ರಿ. ನಾವು ದೇವರ ಬೂದಿ ಹಚ್ಚಕೋತ ಕುಂತ್ವಿ. ಇವತ್ತಿಗೂ ಅಂವ ಒಂದು ಕಾಲು ಎಳಕೋತ ನಡೀತಾನ. ಇವತ್ತ ಗೋಕಾಕಕ್ಕ ಒಯ್ರಿ. ಉಣ್ಣಿ ಕಡದೈತಿ ಅಂತ ಡಾಕ್ಟರಗ ಬಾಯಿಬಿಟ್ಟು ಹೇಳ್ರಿ."

ಉಣ್ಣಿ ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ಕಣ್ಣ ಮುಂದೆ ತೆಂಗಿನ ಚಿಪ್ಪು ಬಂತು. ಒಂದು ಕ್ಷಣ ಮಾತ್ರ. ಅದನ್ನು ಅಲ್ಲಿಂದ ಓಡಿಸಲು ನನಗೆ ಬೇರೆ ಯಾರಾದರೂ ಬೇಕಿತ್ತು, ಮತ್ತು ಎದುರಿಗೇ ಒಬ್ಬಳು ಕೂತಿದ್ದಳು. ಇಷ್ಟು ಸರಿಯಾಗಿ ಜಾಗ ತೋರಿಸುತ್ತಾಳೆಂದರೆ ಹೇಗೆ? ಕಳವಿನ ಮನೆಯ ದಾರಿ ಕಳ್ಳನಿಗೇ ಗೊತ್ತು.

"ನಿನ್ನ ಹಟ್ಟಿ ಬಂದು ಎರಡು ದಿನಕ್ಕ ಜ್ವರ ಬಂದೈತಿ" ಎಂದೆ. "ಮುನ್ನೂರು ಕುರಿ, ಎರಡು ನಾಯಿ. ನಿನ್ನ ಉಣ್ಣಿನ ನನ್ನ ಮಗಳಿಗೆ ಹತ್ತ್ಯಾವು. ಮ್ಯಾಲೆ ನನಗ ಬುದ್ಧಿ ಹೇಳಾಕತ್ತಿಯೇನಬೇ? ಈಗಿಂದೀಗ ಹಟ್ಟಿ ಕೀಳು."

"ಮಳಿ ಬರಾಕತ್ತೈತ್ರಿ ಅಣ್ಣಾರ" ಎಂದಳು ಲಗಮವ್ವ. "ಎಳೇ ಮರಿ ಅದಾವು."

"ಕೀಳು ಅಂದ್ನಿ."

ಆಕೆ ಜೋಳದ ಚೀಲವನ್ನು ಅಲ್ಲೇ ಬಿಟ್ಟು ಹೋದಳು. ಓಣಿಯ ಮಂದಿ ಬಾಗಿಲಿಗೆ ಬಂದು ನಿಂತಿದ್ದರು. ಮಳೆಯಲ್ಲಿ ಕುರಿಗಳು ಒಂದನ್ನೊಂದು ಒತ್ತಿಕೊಂಡು ರಸ್ತೆ ಹಿಡಿದು ಹೋದವು, ಮರಿಗಳನ್ನು ಲಗಮವ್ವನ ಮಕ್ಕಳು ಕಂಬಳಿಯಲ್ಲಿ ಕಟ್ಟಿಕೊಂಡಿದ್ದರು. ತಪ್ಪಿತಸ್ಥರು ಸಿಕ್ಕರಲ್ಲ ಎಂದು ನನಗೆ ಎಂಥದೋ ಸಮಾಧಾನವಾಯಿತು. ಆ ಹೊತ್ತು ಒಳ್ಳೆಯ ಊಟ ಮಾಡಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಮಾಡಿದ್ದು ನಿಜ.

ಮರುದಿನ ಬೆಳಿಗ್ಗೆ ತ್ರಿಶಲಾ ತಾಯಿಯನ್ನು "ಟೀಚರ್" ಎಂದು ಕರೆದಳು. ನೀರಿನ ತಂಬಿಗೆ ಕೊಟ್ಟರೆ ಹಿಡಿಯಲು ಬರಲಿಲ್ಲ; ಕೈ ತಂಬಿಗೆಯ ಬಾಜೂ ಹೋಗುತ್ತಿತ್ತು. ನಾನು ಯಾರು ಎಂದು ಕೇಳಿದೆ. ನನ್ನನ್ನು ಬಹಳ ಹೊತ್ತು ನೋಡಿ, "ಹಾಲಿನವ್ರು" ಎಂದಳು.

ಗೋಕಾಕದ ಮಕ್ಕಳ ದವಾಖಾನೆಗೆ ಒಯ್ದೆವು. ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ತಂದೆ ಒಬ್ಬರೇ ಒಳಗೆ ಬರ್ರಿ ಎಂದು ಕರೆದು ಒಂದೊಂದಾಗಿ ಕೇಳುತ್ತ ಬಂದರು: ಜ್ವರ ಎಂದಿನಿಂದ, ವಾಂತಿ ಆಯಿತೇ, ಯಾವ ಊರಿಗೆ ಹೋಗಿದ್ದಳು. ಕೊನೆಗೆ ಕೇಳಿದರು, "ಮನ್ಯಾಗ ದನ, ನಾಯಿ ಅದಾವೇನ್ರಿ? ಉಣ್ಣಿ ಏನರ ಕಡದಿತ್ತೇನ್ರಿ?"

"ಇಲ್ರಿ" ಎಂದೆ. "ನಮ್ಮ ಮನಿ ಭಾಳ ಸ್ವಚ್ಛ ಇರತೈತ್ರಿ. ನಾ ಡೇರಿಯೊಳಗ ಇರಾಂವ."

ಯಾಕೆ ಹಾಗೆಂದೆ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಉಣ್ಣಿ ಇದ್ದವು ಎಂದರೆ ಲಗಮವ್ವ ಹೇಳಿದ್ದು ಖರೆ ಎಂದಾಗುತ್ತಿತ್ತು. ಊರ ಮಂದಿಯ ಕ್ಯಾನು ಮೂಸಿ ನೋಡುವವನ ಮನೆಯ ಆಕಳ ಮೈಮೇಲೇ ಉಣ್ಣಿ ಎಂದಾಗುತ್ತಿತ್ತು. ಆಮೇಲೆ ಡಾಕ್ಟರು, ಕಿತ್ತ ಉಣ್ಣಿ ಏನು ಮಾಡ್ತೀರಿ ಎಂದು ಕೇಳಿಬಿಟ್ಟರೆ? ಇದೆಲ್ಲ ಆಗ ಇಷ್ಟು ಸ್ಪಷ್ಟವಾಗಿ ಹೊಳೆಯಲಿಲ್ಲ. ಬಾಯಿ ತಾನೇ ತಾನಾಗಿ ಇಲ್ರಿ ಎಂದಿತು.

ಎರಡು ದಿನ ಹಾಗೇ ಹೋದವು. ಡೆಂಗ್ಯೂ ಇಲ್ಲ, ಮಲೇರಿಯಾ ಇಲ್ಲ. ಬಾಟಲಿಯ ಮೇಲೆ ಬಾಟಲಿ ಏರಿದವು, ಜ್ವರ ಇಳಿಯಲಿಲ್ಲ. ನನ್ನ ಸಂಶಯ ಈಗ ಡಾಕ್ಟರ ಮೇಲೆ ತಿರುಗಿತು. ಇಷ್ಟು ಸಣ್ಣವಳು, ನನ್ನ ಮಗಳ ಮೇಲೆ ಕಲಿಯುತ್ತಿದ್ದಾಳೆ. ಮೂರು ಸಲ ರಕ್ತ ತೆಗೆದದ್ದೇಕೆ? ನರ್ಸು ಬಾಟಲಿ ಬದಲಿಸಿದರೆ ಅದರ ಮೇಲಿನ ತಾರೀಖು ಓದುತ್ತಿದ್ದೆ. ಪಕ್ಕದ ಮಂಚದವರು ಕೊಟ್ಟ ಬಿಸಿನೀರನ್ನು ಕೂಡ ಬೆಳಕಿಗೆ ಹಿಡಿದು ನೋಡಿದೆ. ಮನೆಯಲ್ಲಿ ಅವ್ವ ದಶಲಕ್ಷಣ ಪರ್ವದ ಉಪವಾಸ ಹಿಡಿದು ಕೂತಿದ್ದಳು.

ಮೂರನೆಯ ದಿನ ಮಧ್ಯಾಹ್ನ ತ್ರಿಶಲಾಳ ಕಣ್ಣು ಮೇಲಕ್ಕೆ ಹೋದವು. ಎಡಗೈ ಬಡಿದುಕೊಳ್ಳತೊಡಗಿತು, ಆಮೇಲೆ ಇಡೀ ಮೈ. ಹಲ್ಲು ಕಚ್ಚಿದ ಸಪ್ಪಳ ಬಂತು. ನಮ್ಮಿಬ್ಬರನ್ನೂ ಹೊರಗೆ ಕಳಿಸಿ ಪರದೆ ಎಳೆದರು. ಮಿದುಳಿಗೆ ಬಾವು ಬಂದಿದೆ, ಯಾವುದರಿಂದ ಎಂದು ತಿಳಿಯುತ್ತಿಲ್ಲ, ಬೆಳಗಾವಿಗೆ ಕಳಿಸಬೇಕಾಗಬಹುದು ಎಂದರು. ಸುಜಾತಾ ಬೆಂಚಿನ ಮೇಲೆ ಕೂತು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಆಗ ಅವಳ ಫೋನು ರಿಂಗಾಯಿತು. ಲಗಮವ್ವ.

ಸುಜಾತಾ ಫೋನನ್ನು ತೊಡೆಯ ಮೇಲಿಟ್ಟು ಸ್ಪೀಕರ್ ಒತ್ತಿದಳು. ಹಿಂದಿನಿಂದ ಕುರಿಗಳ ಸಪ್ಪಳ ಕೇಳುತ್ತಿತ್ತು.

"ಅಕ್ಕಾರ, ಹುಡುಗಿ ಹೆಂಗದಾಳ್ರಿ? ಉಣ್ಣಿ ಮಾತು ಡಾಕ್ಟರಗ ಹೇಳೀರಿಲ್ರಿ? ನನಗ ಊಟ ಸೇರವಲ್ದು, ಅದಕ್ಕ ಹಚ್ಚಿದ್ನಿ."

ಸುಜಾತಾ ನನ್ನ ಮುಖ ನೋಡಿದಳು. "ಹೇಳೀರಿಲ್ಲ?" ಎಂದಳು. "ಒಳಗ ಹೋದವ್ರು ನೀವು. ಹೇಳೀರಿ ಅಂತ ನಾ ಸುಮ್ನ ಕುಂತೇನಿ."

ನಾನು ಗೋಡೆಯ ಮೇಲಿನ ಲಸಿಕೆಯ ಚಿತ್ರ ನೋಡುತ್ತಿದ್ದೆ. ಅವಳು ಮತ್ತೆ ಕೇಳಲಿಲ್ಲ. ಪರದೆ ಸರಿಸಿಕೊಂಡು ನೇರ ಒಳಗೆ ಹೋದಳು. ಫೋನು ಬೆಂಚಿನ ಮೇಲೆ ಹಾಗೇ ಉಳಿದಿತ್ತು, ಲಗಮವ್ವ ಇನ್ನೂ "ಅಕ್ಕಾರ, ಅಕ್ಕಾರ" ಎನ್ನುತ್ತಿದ್ದಳು. ನಾನು ಅದಕ್ಕೆ ಉತ್ತರ ಕೊಡಲಿಲ್ಲ, ಬಂದ್ ಮಾಡಲೂ ಧೈರ್ಯವಾಗಲಿಲ್ಲ.

ಡಾಕ್ಟರು ಎಡಗಿವಿಯ ಹಿಂದಿನ ಕೂದಲು ಕತ್ತರಿಸಿ ನೋಡಿದರು. ಆ ಕರಿಯ ಹಕ್ಕಳೆ ಅಲ್ಲೇ ಇತ್ತು. ರಕ್ತದ ವರದಿಗೆ ಕಾಯುವುದಿಲ್ಲ ಎಂದು ಹೇಳಿ ಆಗಲೇ ಔಷಧ ಶುರು ಮಾಡಿದರು. ಅದರ ಹೆಸರು ಕೇಳಿ ನಾನು ಬೆಚ್ಚಿದೆ. ಅದೇ ಜಾತಿಯ ಔಷಧವನ್ನು ದನದ ಡಾಕ್ಟರು ನಮ್ಮ ಕಮಲಿಗೂ ಕೊಟ್ಟಿದ್ದರು. ಅಷ್ಟು ಸಾದಾ ಔಷಧ, ಯಾವ ಅಂಗಡಿಯಲ್ಲೂ ಸಿಗುವಂಥದ್ದು. ಎರಡು ದಿನ ಮೊದಲೇ ಅವಳ ಹೊಟ್ಟೆಗೆ ಹೋಗಬಹುದಿತ್ತು. ಡಾಕ್ಟರು ನನ್ನನ್ನು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ. "ಮೊದಲ ಹೇಳಿದ್ರ ಚಲೋ ಇತ್ರಿ" ಎಂದಷ್ಟೇ ಹೇಳಿ, ಆ ಜ್ವರ ಏನು ಮಾಡುತ್ತದೆ ಎಂದು ತಿಳಿಸಿದರು. ಉಣ್ಣಿಯ ಬಾಯಿಯಿಂದ ಹೊಕ್ಕ ರೋಗಾಣು ಸಣ್ಣ ಸಣ್ಣ ರಕ್ತನಾಳಗಳನ್ನು ಕೆಡಿಸುತ್ತದೆ. ಮಿದುಳಿಗೆ ಏರಿದರೆ ಮೂರ್ಛೆ, ಮಂಪರು. ಬದುಕಿದರೂ ಕೆಲವರಿಗೆ ಕೈಕಾಲು, ಕೆಲವರಿಗೆ ಮಾತು, ಕೆಲವರಿಗೆ ಕಿವಿ.

ನಾನು ಮೆಲ್ಲಗೆ ಕೇಳಿದೆ, "ಎರಡು ದಿನದ ಹಿಂದ ಕಡದ್ರ ಜ್ವರ ಬರತೈತೇನ್ರಿ?"

"ಅಷ್ಟು ಲಗೂನ ಬರೂದಿಲ್ರಿ. ಸಾಮಾನ್ಯವಾಗಿ ಒಂದು ವಾರದ ಹೊತ್ತು ಹಿಡೀತೈತಿ."

ನಾನು ಬೆರಳು ಮಡಿಚಿ ಎಣಿಸಿದೆ. ಲಗಮವ್ವನ ಹಟ್ಟಿ ಬಂದು ಎರಡು ದಿನಕ್ಕೆ ಜ್ವರ. ಅಂದರೆ ಕಚ್ಚಿದಾಗ ಆಕೆಯ ಕುರಿ ಇನ್ನೂ ಮಸಗುಪ್ಪಿ ಬಿಟ್ಟಿರಲಿಲ್ಲ. ಇಷ್ಟು ಸಣ್ಣ ಲೆಕ್ಕವನ್ನು ನಾನು ಮತ್ತೆ ಮತ್ತೆ ಎಣಿಸಿದೆ, ಎಲ್ಲಾದರೂ ತಪ್ಪು ಸಿಗಬಹುದೆಂದು.

ಬಟ್ಟೆ ತರಲು ಊರಿಗೆ ಹೋದವನು ಮನೆಯೊಳಗೆ ಹೋಗುವ ಮೊದಲು ಕೊಟ್ಟಿಗೆಯ ಹಿಂದೆ ಹೋದೆ. ನುಗ್ಗೆ ಮರದ ಬುಡದ ಹಾಸುಗಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆದ ಹದಿಮೂರರ ಮಗ್ಗಿ ಅರ್ಧ ಮಳೆಗೆ ಅಳಿಸಿತ್ತು. ಕಲ್ಲಿನ ಸಂದಿಯಲ್ಲಿ ತ್ರಿಶಲಾಳ ಹಳದಿ ಕ್ಲಿಪ್ಪು. ಕಾಳ್ಯಾ ಅಲ್ಲೇ ಮಲಗಿದ್ದ, ನನ್ನನ್ನು ನೋಡಿ ಬಾಲ ಆಡಿಸಿದ. ಬಾಗಿ ಹುಲ್ಲಿನ ತುದಿ ನೋಡಿದೆ. ಸಾಸಿವೆಗಿಂತ ಸಣ್ಣವು, ಕಾಲು ಚಾಚಿಕೊಂಡು ಕಾಯುತ್ತಿದ್ದವು. ಕಾಳ್ಯಾನಿಂದ ಬಂದವೋ, ಕಮಲಿಯಿಂದ ಬಂದವೋ, ನನ್ನ ಚಿಪ್ಪಿನಿಂದ ಬಂದವೋ ಯಾರು ಹೇಳಬೇಕು? ಇಂಥದೇ ಉಣ್ಣಿ ಎಂದು ಗುರುತಿಸಲು ಜಗತ್ತಿನಲ್ಲಿ ಯಾವ ಮೀಟರೂ ಇಲ್ಲ. ಮೊದಲ ಸಲ, ಸಂಶಯದ ಲಾಭ ಪಡೆಯುವ ಸರದಿ ನನ್ನದಾಗಿತ್ತು. ನನಗೆ ಅದನ್ನು ಕೊಟ್ಟುಕೊಳ್ಳಲಾಗಲಿಲ್ಲ. ಹುಲ್ಲಿನ ಮೇಲೆ ಕೂತು ಅತ್ತೆ, ಆ ಹುಲ್ಲಿನ ಮೇಲೆಯೇ.

ಎರಡು ದಿನಕ್ಕೆ ಜ್ವರ ಇಳಿಯಿತು. ತ್ರಿಶಲಾ ಕಣ್ಣು ಬಿಟ್ಟು "ಅವ್ವಾ, ಹಸಿವಿ" ಎಂದಳು. ಸುಜಾತಾ ಇಡೀ ವಾರ್ಡಿಗೆ ಕೇಳುವಂತೆ ಅತ್ತಳು. ಎಲ್ಲರೂ ಸಂತೋಷದಲ್ಲಿದ್ದಾಗ ನನ್ನ ಕಣ್ಣಿಗೆ ಒಂದು ಸಂಗತಿ ಬಿತ್ತು. ಎಡಗಡೆಯ ಮಂಚದ ಬಳಿ ಯಾರದೋ ಸ್ಟೀಲಿನ ಡಬ್ಬಿ ಬಿದ್ದು ದೊಡ್ಡ ಸಪ್ಪಳವಾಯಿತು. ತ್ರಿಶಲಾ ಬಲಗಡೆ ತಿರುಗಿ ನೋಡಿದಳು. ಪರೀಕ್ಷೆ ನನ್ನ ಕಸುಬು. ಅವಳು ಕಣ್ಣು ಮುಚ್ಚಿ ಮಲಗಿದ್ದಾಗ ಎಡಗಡೆ ಬಾಗಿ ಮೆಲ್ಲಗೆ ಕರೆದೆ. ಇಲ್ಲ. ಮತ್ತೊಮ್ಮೆ ಅಷ್ಟೇ ಮೆಲ್ಲಗೆ ಕರೆದೆ. ಇಲ್ಲ. ಬಲಗಡೆ ಹೋಗಿ ಪಿಸುಗುಟ್ಟಿದೆ. "ಏನಪಾ?" ಎಂದಳು.

ಆ ಕಿವಿ ಮರಳಿ ಬರಲಿಲ್ಲ. ಬೆಳಗಾವಿಗೂ ಹೋಗಿ ಬಂದೆವು. ಅಲ್ಲಿಯ ಡಾಕ್ಟರಿಗೆ ನಾನು ಮೊದಲ ಮಾತಿಗೇ "ಉಣ್ಣಿ ಕಡದಿತ್ರಿ" ಎಂದೆ. ಅವರು ಕೇಳಿಯೇ ಇರಲಿಲ್ಲ.

ಮನೆಗೆ ಬಂದ ನಾಲ್ಕನೆಯ ದಿನ ಕ್ಷಮಾವಣಿ. ದಶಲಕ್ಷಣದ ಹತ್ತು ದಿನ ಮುಗಿದ ಮೇಲೆ ನಾವು ಗೊತ್ತಿದ್ದು ಮಾಡಿದ್ದಕ್ಕೆ, ಗೊತ್ತಿಲ್ಲದೆ ಮಾಡಿದ್ದಕ್ಕೆ ಒಬ್ಬರಿಗೊಬ್ಬರು ಕ್ಷಮೆ ಕೇಳುತ್ತೇವೆ. ಹಿರಿಯರು ಕಿರಿಯರನ್ನೂ ಕೇಳುತ್ತಾರೆ. ಪ್ರತಿ ವರ್ಷ ನಾನು ಓಣಿಯ ತುಂಬ ಕೈ ಮುಗಿಯುತ್ತ ಹೋಗಿ ಒಂದು ತಾಸಿನಲ್ಲಿ ಮುಗಿಸುವವನು. ಆ ವರ್ಷ ಅವ್ವನ ಮುಂದೆ ಕೂತು ಎಲ್ಲ ಹೇಳಿದೆ. ಅವಳು "ಸಣ್ಣ ನೇಮ ಸಾಕಿತ್ತು ಅಂದಿದ್ನಿ. ಹಳ್ಳದ ತನಕ ನಡಿಯೂದೂ ನೇಮದಾಗ ಬರತಿತ್ತು" ಎಂದಳು. ಸುಜಾತಾಗೆ ಹೇಳಿದೆ. ಅವಳು ಕೇಳಿ ಎದ್ದು ಅಡುಗೆಮನೆಗೆ ಹೋದಳು, ಒಂದು ತಿಂಗಳು ನನ್ನೊಡನೆ ಹೌದು, ಅಲ್ಲ ಎರಡೇ ಮಾತು. ಕೊನೆಗೆ ತ್ರಿಶಲಾ. ಅವಳು ಕಿಟಕಿಯ ಬಳಿ ಕೂತು ಚಿತ್ರ ಬರೆಯುತ್ತಿದ್ದಳು. ನಾನು ಅವಳ ಎಡಗಡೆ ಕೂತೆ. ಬಾಯಿಬಿಟ್ಟು, ಆದರೆ ಆ ಕಿವಿಗಷ್ಟೇ ಮುಟ್ಟುವ ಪಿಸುದನಿಯಲ್ಲಿ, ಎಲ್ಲ ಹೇಳಿದೆ, ಚಿಪ್ಪು, ನುಗ್ಗೆ ಮರ, ಡಾಕ್ಟರ ಮುಂದೆ ಇಲ್ರಿ ಎಂದದ್ದು. ಕ್ಷಮಾ ಮಾಡವ್ವಾ ಎಂದೆ. ಅವಳು ಒಮ್ಮೆ ತಿರುಗಿ ನನ್ನ ಮುಖ ನೋಡಿದಳು, ಮತ್ತೆ ಚಿತ್ರಕ್ಕೆ ಬಣ್ಣ ಹಚ್ಚಿದಳು.

ಆಮೇಲೆ ಪ್ರತಿ ವರ್ಷ ಅದನ್ನೇ ಮಾಡಿದೆ. ಪ್ರತಿ ಕ್ಷಮಾವಣಿಗೆ ಅವಳ ಎಡಗಡೆ ಕೂತು, ಪೂರಾ ಕಥೆ, ಒಂದು ಮಾತೂ ಬಿಡದೆ. ಹೇಳಿದ ಪುಣ್ಯವೂ ಬಂತು, ಅವಳಿಗೆ ಕೇಳಿಸಲಿಲ್ಲ ಎಂಬ ಧೈರ್ಯವೂ ಉಳಿಯಿತು. ದುಂಡಪ್ಪನ ಡಬ್ಬಿಯಿಂದ ನಾನು ಬಹಳ ದೂರವೇನೂ ಬಂದಿರಲಿಲ್ಲ.

ನಿನ್ನೆ ಈ ವರ್ಷದ ಕ್ಷಮಾವಣಿ. ತ್ರಿಶಲಾಗೆ ಈಗ ಹದಿನೈದು, ಎಸ್ಸೆಸ್ಸೆಲ್ಸಿ. ಸಂಜೆ ಕಟ್ಟೆಯ ಮೇಲೆ ಓದುತ್ತಿದ್ದಳು. ಗಾಳಿಯ ತುಂಬ ಕುರಿ ಹಟ್ಟಿಯ ವಾಸನೆ. ನಾನು ಹೋಗಿ ಎಡಗಡೆ ಕೂತು ಶುರು ಮಾಡಿದೆ. ಎರಡು ಮಾತು ಆಗುವುದರೊಳಗೆ ಅವಳು ಪುಸ್ತಕ ಮುಚ್ಚಿದಳು.

"ಅಪಾ, ಈ ಕಡೆ ಬಂದ ಹೇಳು."

"ಏನವ್ವಾ?" ಎಂದೆ.

"ಸಾಲ್ಯಾಗ ಮಾಸ್ತರು ಏನ ಅಂದ್ರು ಅಂತ ನಾ ಬಾಯಿ ನೋಡೇ ತಿಳಕೋತೇನಿ. ನಿನ್ನ ಬಾಯಿ ನೋಡಿದ್ರ ತಿಳಿಯೂದಿಲ್ಲೇನು? ಎರಡನೇ ವರ್ಷದಾಗ ನನಗ ಪೂರಾ ತಿಳದಿತ್ತು." ಪುಸ್ತಕ ಬದಿಗಿಟ್ಟು ಹೇಳಿದಳು, "ನೀ ದಿನಾ ಉಣ್ಣಿ ಬಿಡೂದು ನಾ ಗ್ವಾಡಿ ಮ್ಯಾಲಿಂದ ನೋಡತಿದ್ನಿ. ಅವು ಎಲ್ಲಿ ಹೋಗತಾವ ಅಂತ ನೋಡಾಕನ ಆ ಕಲ್ಲಿನ ಮ್ಯಾಲೆ ಕುಂಡ್ರತಿದ್ನಿ. ನಮ್ಮಪ್ಪ ಉಣ್ಣಿನೂ ಕೊಲ್ಲಂಗಿಲ್ಲ ಅಂತ ಸಾಲಿ ತುಂಬ ಹೇಳಕೋತ ತಿರಗಿದ್ನಿ."

ನಾನು ಎದ್ದು ಬಲಗಡೆ ಹೋಗಿ ಕೂತೆ. ಆರು ವರ್ಷ ಸಲೀಸಾಗಿ ಬಂದ ಮಾತು, ಕೇಳುವ ಕಿವಿಯ ಮುಂದೆ ಬರಲಿಲ್ಲ. ಅಳು ಬಂತು. ಅವಳು ನನ್ನ ಕೈ ಹಿಡಿದುಕೊಂಡಳು.

"ನಾ ಅವಾಗ ಕ್ಷಮಾ ಮಾಡೇನಿ" ಎಂದಳು. "ಆದ್ರ ಲಗಮವ್ವಾಯಿಗೆ ನೀ ಒಂದ ಸಲನೂ ಹೇಳಿಲ್ಲ. ಅಕಿ ಎರಡೂ ಕಿವಿ ಚಲೋ ಅದಾವು, ಅದಕ್ಕೇನು?"

ಇಬ್ಬರೂ ಬದು ದಾಟಿ ಹೋದೆವು. ಹೊತ್ತು ಮುಳುಗಲು ಇನ್ನೂ ಸಮಯವಿತ್ತು. ಲಗಮವ್ವ ಮರಿಗಳನ್ನು ಬುಟ್ಟಿಗೆ ಹಾಕುತ್ತಿದ್ದಳು. ಹಣೆಯ ಭಂಡಾರ ಹಾಗೇ ಇತ್ತು, ಬೆನ್ನು ಸ್ವಲ್ಪ ಬಾಗಿತ್ತು. ನನ್ನನ್ನು ಕಂಡು ನೆಟ್ಟಗಾದಳು. ಹಟ್ಟಿಯ ಸುತ್ತ ಒಮ್ಮೆ ಕಣ್ಣಾಡಿಸಿದಳು, ತನ್ನ ಮಕ್ಕಳು ಎಲ್ಲಿದ್ದಾರೆ ಎಂದು ನೋಡಿಕೊಂಡಳು.

"ಯಾಕ್ರಿ ಅಣ್ಣಾರ, ಏನಾತು? ನಮ್ಮ ಕುರಿ ನಿಮ್ಮ ಹೊಲದಾಗ ಬಂದಿಲ್ರಿ. ಬೇಕಾದ್ರ ಹೆಜ್ಜಿ ನೋಡ್ರಿ."

ಆ ಕಣ್ಣು ನನಗೆ ಪರಿಚಯದ್ದು. ಡೇರಿಯ ಕಿಟಕಿಯಿಂದ ದಿನಾ ನಾನು ಜನರನ್ನು ನೋಡುವ ಕಣ್ಣು. ಅದರ ಎದುರು ನಿಂತವನ ಪಾಡು ಏನೆಂದು ನನಗೆ ಗೊತ್ತಿರಲಿಲ್ಲ.

"ತಪ್ಪು ನಂದ ಇತ್ತು ಲಗಮವ್ವಾ" ಎಂದೆ. "ಉಣ್ಣಿ ನಿನ್ನ ಹಟ್ಟಿವಲ್ಲ. ನಾನ ಬಿಟ್ಟಿದ್ನಿ, ಮನಿ ಹಿಂದ. ಗೊತ್ತಾದ ಮ್ಯಾಲೂ ಬಂದು ಹೇಳಲಿಲ್ಲ. ಮಳ್ಯಾಗ ಮರಿ ಹೊರಿಸಿದ್ನಿ ನಿನಗ. ಕ್ಷಮಾ ಮಾಡು."

ಆಕೆ ಕ್ಷಮಾ ಮಾಡಿದೆ ಎನ್ನಲಿಲ್ಲ. "ಎರಡು ಮರಿ ಸತ್ತುವು ಆವತ್ತ" ಎಂದಳು. ನಾನು ಕೈ ಮುಗಿದದ್ದು ಮುಗಿದಂತೆಯೇ ಇತ್ತು. ಆಕೆ ನನ್ನನ್ನು ಬಿಟ್ಟು ತ್ರಿಶಲಾಳನ್ನು ಹತ್ತಿರ ಕರೆದಳು, ಕಂಬಳಿಯ ಮೇಲೆ ಕೂರಿಸಿಕೊಂಡಳು, ಗಲ್ಲ ಹಿಡಿದು ಮುಖ ಆಚೆ ಈಚೆ ತಿರುಗಿಸಿದಳು. ಆಮೇಲೆ ಅವಳ ಜಡೆ ಬಿಚ್ಚಿ ಕಿವಿಯ ಹಿಂದೆ, ಕುತ್ತಿಗೆಯಲ್ಲಿ, ನೆತ್ತಿಯಲ್ಲಿ ಬೆರಳಾಡಿಸಿ ಒಂದೊಂದೇ ಎಳೆ ಬಿಡಿಸಿ ನೋಡತೊಡಗಿದಳು. ತ್ರಿಶಲಾ ಕಣ್ಣು ಮುಚ್ಚಿಕೊಂಡು ನಗುತ್ತಿದ್ದಳು.

"ಏನೂ ಇಲ್ಲ, ಹೋಗ" ಎಂದು ಜಡೆಯ ಮೇಲೊಂದು ಹೊಡೆದು ಅವಳನ್ನು ಎಬ್ಬಿಸಿ, ನನ್ನ ಕಡೆ ನೋಡಿದಳು. "ನೀವೂ ಬರ್ರಿ ಅಣ್ಣಾರ. ಇಲ್ಲಿ ಕೂಡ್ರಿ. ನಾಳೆ ನಿಮಗೊಂದು ಜ್ವರ ಬಂದ್ರ ಮತ್ತ ನನ್ನ ಹೆಸರ ಬರತೈತಿ."

ನಾನು ಚಪ್ಪಲಿ ಬಿಟ್ಟು ಕಂಬಳಿಯ ಮೇಲೆ ಕೂತು ತಲೆ ಬಗ್ಗಿಸಿದೆ. ಆಕೆ ಎರಡೂ ಕಿವಿಯ ಹಿಂದೆ, ಕೊರಳ ಪಟ್ಟಿಯೊಳಗೆ, ಬಿಳಿಗೂದಲಿನ ಬುಡದಲ್ಲಿ ಒಂದು ಇಂಚೂ ಬಿಡದೆ ನೋಡಿದಳು. ನನ್ನ ಮಾತಿನ ಮೇಲೆ ಆಕೆಗೆ ಒಂದಿಷ್ಟೂ ನಂಬಿಕೆ ಇರಲಿಲ್ಲ.